ಬರೀ 350 ಹಾರ್ಸ್‌ಪವರ್ ಎಂಜಿನ್ ಸಾವಿರ ಟನ್ ಎಳೆಯುತ್ತದೆಯೇ? ಶಂಟಿಂಗ್ ಎಂಜಿನ್ ಬಗ್ಗೆ ಫಾರ್ವರ್ಡ್‌ಗಳು ಹೇಳದ ಸಂಗತಿಗಳು

ರೈಲು ಎಂಜಿನ್‌ಗಳ ಬಗ್ಗೆ ವಾಟ್ಸಪ್‌ನಲ್ಲಿ ಎರಡು ಮಾತುಗಳು ವರ್ಷಗಳಿಂದ ಸುತ್ತುತ್ತಿವೆ. ಮೊದಲನೆಯದು: "ಡೀಸೆಲ್ ಎಂಜಿನ್ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಮಾಡಲು ಹತ್ತಾರು ಲೀಟರ್ ಡೀಸೆಲ್ ಬೇಕು, ಅದಕ್ಕೇ ರೈಲ್ವೆಯವರು ಆಫ್ ಮಾಡುವುದೇ ಇಲ್ಲ." ಎರಡನೆಯದು ಹಾರ್ಸ್‌ಪವರ್ ಲೆಕ್ಕ: ಎಂಜಿನ್‌ಗೆ ಇಷ್ಟು ಸಾವಿರ ಹಾರ್ಸ್‌ಪವರ್ ಇದೆ, ಆದ್ದರಿಂದ ಇಷ್ಟು ಬೋಗಿ ಎಳೆಯುತ್ತದೆ ಎಂಬಂಥದ್ದು. ಈ ಎರಡೂ ಎಷ್ಟು ನಿಜ ಎಂದು ನೋಡಲು ನಾವು ಒಂದು ಪುಟ್ಟ ಎಂಜಿನ್ನನ್ನು ಆರಿಸಿಕೊಂಡಿದ್ದೇವೆ. ಇದು ಎಕ್ಸ್‌ಪ್ರೆಸ್ ಎಳೆಯುವುದಿಲ್ಲ, ವೇಗವಾಗಿ ಓಡುವುದಿಲ್ಲ, ದಿನದ ಬಹುಪಾಲು ಸುಮ್ಮನೆ ನಿಂತಿರುತ್ತದೆ. ಆದರೂ 70 ವರ್ಷ ದಾಟಿದ ಮೇಲೂ ಕೆಲಸದಲ್ಲಿದೆ. ಬ್ರಿಟನ್ನಿನ 'ಕ್ಲಾಸ್ 08' ಡೀಸೆಲ್ ಶಂಟಿಂಗ್ ಎಂಜಿನ್ ಅದು.

ಶಂಟಿಂಗ್ ಎಂದರೆ ಸ್ಟೇಷನ್ ಮತ್ತು ಯಾರ್ಡ್ ಒಳಗೆ ಬೋಗಿ, ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವುದು, ಬಿಡಿಸುವುದು. ಪ್ರಯಾಣ ಮುಗಿಸಿದ ಖಾಲಿ ಬೋಗಿಗಳನ್ನು ತೊಳೆಯುವ ಲೈನಿಗೆ ಒಯ್ಯಬೇಕು. ಕೆಟ್ಟ ಬೋಗಿಯೊಂದನ್ನು ನಡುವಿನಿಂದ ತೆಗೆದು ಬೇರೆಯದನ್ನು ಸೇರಿಸಬೇಕು. ನಾಲ್ಕು ಊರುಗಳಿಂದ ಬಂದ ಗೂಡ್ಸ್ ವ್ಯಾಗನ್‌ಗಳನ್ನು ಬಿಡಿಸಿ, ಹೋಗಬೇಕಾದ ಊರಿನ ಪ್ರಕಾರ ಬೇರೆ ಬೇರೆ ಸಾಲು ಮಾಡಬೇಕು. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಂಥ ದೊಡ್ಡ ಸ್ಟೇಷನ್‌ಗಳಲ್ಲಿ ಒಂಟಿ ಎಂಜಿನ್ ಅಥವಾ ನಾಲ್ಕೈದು ಖಾಲಿ ಬೋಗಿ ಹಿಡಿದ ಎಂಜಿನ್ ನಡೆಯುವ ವೇಗದಲ್ಲಿ ಹೋಗುವುದನ್ನು ನೀವು ನೋಡಿರುತ್ತೀರಿ. ಅದು ದಾರಿ ತಪ್ಪಿದ್ದಲ್ಲ, ಅದರ ಕೆಲಸವೇ ಅದು.

ಒಂದೇ ಅಚ್ಚಿನ 996 ಎಂಜಿನ್‌ಗಳು

ಬ್ರಿಟನ್ನಿನಲ್ಲಿ ಈ ಕೆಲಸವನ್ನು ಮೊದಲು ಸಣ್ಣ ಉಗಿ ಎಂಜಿನ್‌ಗಳು ಮಾಡುತ್ತಿದ್ದವು. ಉಗಿ ಎಂಜಿನ್ನಿಗೆ ಶಂಟಿಂಗ್ ದುಬಾರಿ. ಬೆಳಿಗ್ಗೆ ಕೆಲಸಕ್ಕೆ ಬೇಕೆಂದರೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಿ ಉಗಿ ಏರಿಸಬೇಕು. ಕೆಲಸವಿಲ್ಲದೆ ನಿಂತಾಗಲೂ ಕಲ್ಲಿದ್ದಲು ಉರಿಯುತ್ತಲೇ ಇರಬೇಕು. ಡ್ರೈವರ್ ಜೊತೆ ಕಲ್ಲಿದ್ದಲು ಹಾಕಲು ಇನ್ನೊಬ್ಬರು ಬೇಕು. ಹೀಗಾಗಿ 1930ರ ದಶಕದಲ್ಲೇ ಅಲ್ಲಿನ ಎಲ್‌ಎಂಎಸ್ ರೈಲ್ವೆ ಕಂಪನಿ ಡೀಸೆಲ್ ಶಂಟಿಂಗ್ ಎಂಜಿನ್‌ಗಳನ್ನು ಪ್ರಯತ್ನಿಸಿ ನೋಡಿತು. 1948ರಲ್ಲಿ ರೈಲ್ವೆ ರಾಷ್ಟ್ರೀಕರಣವಾದ ಮೇಲೆ ಆ ಅನುಭವದ ಆಧಾರದಲ್ಲಿ ಒಂದು ಸ್ಟ್ಯಾಂಡರ್ಡ್ ವಿನ್ಯಾಸ ತಯಾರಾಯಿತು. 1952ರಿಂದ 1962ರವರೆಗೆ ಡರ್ಬಿ, ಕ್ರೂ, ಡಾರ್ಲಿಂಗ್ಟನ್, ಡಾನ್‌ಕಾಸ್ಟರ್, ಹಾರ್ವಿಚ್ ಕಾರ್ಖಾನೆಗಳಲ್ಲಿ ಒಟ್ಟು 996 ಎಂಜಿನ್‌ಗಳನ್ನು ಕಟ್ಟಿದರು. ಬ್ರಿಟನ್ನಿನಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದ ಡೀಸೆಲ್ ಎಂಜಿನ್ ಮಾದರಿ ಇನ್ನೊಂದಿಲ್ಲ. 'ಕ್ಲಾಸ್ 08' ಎಂಬ ಹೆಸರು ಮಾತ್ರ ಆಮೇಲೆ, 1970ರ ದಶಕದಲ್ಲಿ ಕಂಪ್ಯೂಟರ್ ದಾಖಲೆಗಾಗಿ ಕೊಟ್ಟದ್ದು.

ನಿಮ್ಮ ಮನೆಯ ಮಕ್ಕಳು ಥಾಮಸ್ ಎಂಬ ರೈಲಿನ ಕಾರ್ಟೂನ್ ನೋಡುತ್ತಿದ್ದರೆ ಈ ಎಂಜಿನ್ ನಿಮಗೆ ಪರಿಚಿತವೇ. ಅದರಲ್ಲಿ ಬರುವ 'ಡೀಸೆಲ್' ಎಂಬ ಕಿಡಿಗೇಡಿ ಕಪ್ಪು ಎಂಜಿನ್ ಇದೇ ಕ್ಲಾಸ್ 08. ಉಗಿ ಎಂಜಿನ್‌ಗಳ ಕೆಲಸ ಕಿತ್ತುಕೊಂಡವನು ಕಥೆಯಲ್ಲಿ ಖಳನಾಗದೆ ಇನ್ನೇನಾದಾನು!

ಆರು ಚಕ್ರ, ಅವನ್ನು ಹೊರಗಿನಿಂದ ಜೋಡಿಸಿರುವ ಉದ್ದನೆಯ ಕಬ್ಬಿಣದ ಸರಳು, ಮುಂದೆ ಉದ್ದ ಮೂತಿ, ಹಿಂದೆ ಡ್ರೈವರ್ ಕೋಣೆ. ಸರಳು ನೋಡಿ ಹಲವರು ಇದನ್ನು ಹಳೆಯ ಉಗಿ ಎಂಜಿನ್ನಿಗೆ ಡೀಸೆಲ್ ಹಾಕಿ ಮಾರ್ಪಡಿಸಿದ್ದು ಎಂದುಕೊಳ್ಳುತ್ತಾರೆ. ಹಾಗಲ್ಲ. ಡೀಸೆಲ್ ಎಂಜಿನ್ ಒಂದು ಜನರೇಟರ್ ತಿರುಗಿಸುತ್ತದೆ, ಆ ಕರೆಂಟು ಎರಡು ವಿದ್ಯುತ್ ಮೋಟಾರುಗಳಿಗೆ ಹೋಗುತ್ತದೆ, ಮೋಟಾರು ಚಕ್ರ ತಿರುಗಿಸುತ್ತದೆ. ಮೂರು ಜೊತೆ ಚಕ್ರಕ್ಕೆ ಮೋಟಾರು ಎರಡೇ ಇರುವುದರಿಂದ, ಮೂರೂ ಜೊತೆ ಒಟ್ಟಿಗೆ ತಿರುಗಲೆಂದು ಸರಳು. ಅದರಿಂದ ಇನ್ನೊಂದು ಲಾಭವೂ ಇದೆ: ಒಂದು ಜೊತೆ ಚಕ್ರ ತಾನೊಂದೇ ಜಾರಿ ಗಿರ್ರನೆ ತಿರುಗಲು ಸಾಧ್ಯವಿಲ್ಲ, ಉಳಿದೆರಡು ಅದನ್ನು ಹಿಡಿದಿರುತ್ತವೆ.

ಹಾರ್ಸ್‌ಪವರ್ ಹೇಳುವುದೇನು, ಹೇಳದಿರುವುದೇನು?

ಈ ಎಂಜಿನ್ನಿನ ಹಾರ್ಸ್‌ಪವರ್ ಕೇವಲ 350. ಇಂದು ಇಷ್ಟು ಹಾರ್ಸ್‌ಪವರ್ ಇರುವ ಐಷಾರಾಮಿ ಕಾರುಗಳು ಬೆಂಗಳೂರಿನ ರಸ್ತೆಯಲ್ಲೂ ಓಡುತ್ತವೆ. ಆದರೆ ಕಾರು ಎಷ್ಟೇ ಆಕ್ಸಿಲರೇಟರ್ ಒತ್ತಿದರೂ ಸಾವಿರ ಟನ್ ಗೂಡ್ಸ್ ಗಾಡಿಯನ್ನು ಅಲುಗಾಡಿಸಲಾರದು. ಕ್ಲಾಸ್ 08 ಸಮತಟ್ಟಾದ ಹಳಿಯ ಮೇಲೆ ಅದನ್ನು ಎಳೆದುಕೊಂಡು ಹೋಗುತ್ತದೆ. ಸಂಖ್ಯೆ ಒಂದೇ, ಫಲಿತಾಂಶ ಬೇರೆ. ಯಾಕೆ?

ಬಾವಿಯಿಂದ ನೀರು ಸೇದುವುದನ್ನು ನೆನಪಿಸಿಕೊಳ್ಳಿ. ದೊಡ್ಡ ಕೊಡ ಕಟ್ಟಿ ನಿಧಾನವಾಗಿ ಸೇದಬಹುದು. ಸಣ್ಣ ಚೊಂಬು ಕಟ್ಟಿ ಸರಸರನೆ ಸೇದಬಹುದು. ನಿಮಿಷಕ್ಕೆ ಮೇಲೆ ಬರುವ ನೀರು ಎರಡರಲ್ಲೂ ಒಂದೇ ಆಗಿದ್ದರೆ ಹಾರ್ಸ್‌ಪವರ್ ಕೂಡ ಒಂದೇ. ಆದರೆ ಹಗ್ಗದ ಮೇಲೆ ಬೀಳುವ ಭಾರ ಒಂದೇ ಅಲ್ಲ. ಹಾರ್ಸ್‌ಪವರ್ ಎಂದರೆ ಬಲ ಮತ್ತು ವೇಗದ ಗುಣಾಕಾರ. ವೇಗ ಕಡಿಮೆ ಮಾಡಿಕೊಂಡರೆ ಅದೇ ಹಾರ್ಸ್‌ಪವರ್‌ನಲ್ಲಿ ಹೆಚ್ಚು ಬಲ ಸಿಗುತ್ತದೆ. ಬೈಕಿನಲ್ಲಿ ಏರು ಬಂದಾಗ ಕೆಳಗಿನ ಗೇರ್ ಹಾಕುವುದು ಇದಕ್ಕೇ.

ಕ್ಲಾಸ್ 08ರ ಗರಿಷ್ಠ ವೇಗ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ. ಕೆಲವಕ್ಕೆ 20 ಮೈಲಿ. ಅದಕ್ಕೆ ಬದಲಾಗಿ ಸಿಕ್ಕಿದ್ದು 35,000 ಪೌಂಡ್ ಎಳೆತ, ಅಂದರೆ ಸುಮಾರು 16 ಟನ್ ಭಾರವನ್ನು ನೇರ ಮೇಲೆತ್ತಿ ಹಿಡಿಯಲು ಬೇಕಾಗುವಷ್ಟು ಬಲ. ಈ ಪೂರ್ತಿ ಬಲ ಸಿಗುವುದು ನಾವು ನಡೆಯುವ ವೇಗದಲ್ಲಿ ಮಾತ್ರ. ವೇಗ ಏರಿದಂತೆ ಎಳೆತ ಇಳಿಯುತ್ತದೆ. ಇದಕ್ಕೆ ಚಂದದ ಪುರಾವೆ ಅದರ ತಮ್ಮನಂತಿರುವ 'ಕ್ಲಾಸ್ 09'. ಅದರಲ್ಲಿ 26 ಎಂಜಿನ್‌ಗಳಷ್ಟೇ ತಯಾರಾದವು. ಎಂಜಿನ್ ಅದೇ, 350 ಹಾರ್ಸ್‌ಪವರ್ ಅದೇ, ಗೇರ್ ಮಾತ್ರ ಬೇರೆ. ವೇಗ ಗಂಟೆಗೆ 27 ಮೈಲಿಗೆ ಏರಿತು, ಎಳೆತ 35,000ದಿಂದ 25,000 ಪೌಂಡ್‌ಗೆ ಇಳಿಯಿತು.

ಇನ್ನು ತೂಕದ ವಿಷಯ. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಚಕ್ರ ಹಳಿಯನ್ನು ಕಚ್ಚಿ ಹಿಡಿಯದಿದ್ದರೆ ನಿಂತಲ್ಲೇ ಜಾರುತ್ತದೆ. ಒಣಗಿದ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಸಿಗುವ ಹಿಡಿತ ಅದರ ಮೇಲಿರುವ ತೂಕದ ಮೂರನೇ ಒಂದು ಭಾಗದಷ್ಟು. ಕ್ಲಾಸ್ 08ರ ತೂಕ 50 ಟನ್ ಆಸುಪಾಸು. ಮೂರರಿಂದ ಭಾಗಿಸಿ ನೋಡಿ, ಮತ್ತೆ 16 ಟನ್ನೇ ಬರುತ್ತದೆ. ಎಳೆತಕ್ಕೂ ತೂಕಕ್ಕೂ ಸರಿಹೊಂದಿಸಿಯೇ ವಿನ್ಯಾಸ ಮಾಡಿದ್ದಾರೆ. ಎರಡು ಟನ್ನಿನ ಕಾರಿನ ಟೈರ್ ಎಷ್ಟೇ ಚೆನ್ನಾಗಿದ್ದರೂ ಅದರ ಎಳೆತ ಎರಡು ಟನ್ ಸುತ್ತಮುತ್ತ ಮುಗಿದುಹೋಗುತ್ತದೆ. ಮಳೆಯಲ್ಲಿ ಹಳಿ ಒದ್ದೆಯಾದಾಗ ಶಂಟಿಂಗ್ ಎಂಜಿನ್ ಚಕ್ರದ ಮುಂದೆ ಮರಳು ಸುರಿಸುತ್ತದೆ. ಮರಳು ತುಂಬಿದ ಪೆಟ್ಟಿಗೆ ಎಂಜಿನ್ನಿನಲ್ಲೇ ಇರುತ್ತದೆ.

16 ಟನ್ ಎಳೆತಕ್ಕೆ ಸಾವಿರ ಟನ್ ಹೇಗೆ ಜಗ್ಗುತ್ತದೆ ಎಂಬ ಪ್ರಶ್ನೆ ಉಳಿಯಿತು. ಗಾಡಿಯನ್ನು ಎತ್ತಬೇಕಾಗಿಲ್ಲ, ಉರುಳಿಸಿದರೆ ಸಾಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳಲು ಟನ್ನಿಗೆ ಕೆಲವೇ ಕಿಲೋ ಬಲ ಸಾಕು. ಸಮತಟ್ಟಾದ ಹಳಿಯಲ್ಲಿ ಸಾವಿರ ಟನ್ನಿಗೆ ಐದು ಟನ್ ಆಸುಪಾಸು ಎಂದಿಟ್ಟುಕೊಳ್ಳಿ. ಮನುಷ್ಯ ಹಲ್ಲಿನಿಂದ ರೈಲು ಎಳೆಯುವ ವಿಡಿಯೋಗಳೂ ಇದೇ ಕಾರಣಕ್ಕೆ ಪೂರ್ತಿ ಸುಳ್ಳಲ್ಲ. 2003ರಲ್ಲಿ ಮಲೇಷ್ಯಾದ ವೇಲು ರಾತಕೃಷ್ಣನ್ ಎಂಬವರು 260 ಟನ್ನಿಗೂ ಹೆಚ್ಚು ತೂಕದ ರೈಲನ್ನು ಹಲ್ಲಿನಿಂದ 4.2 ಮೀಟರ್ ಎಳೆದು ಗಿನ್ನೆಸ್ ದಾಖಲೆ ಮಾಡಿದ್ದಾರೆ. ಹಳಿ ಸ್ವಲ್ಪ ಏರಾಗಿದ್ದರೆ ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನೂರು ಮೀಟರಿಗೆ ಒಂದು ಮೀಟರ್ ಏರು ಇದ್ದರೆ ಸಾವಿರ ಟನ್ನಿಗೆ ಇನ್ನೂ 10 ಟನ್ ಬಲ ಹೆಚ್ಚುವರಿಯಾಗಿ ಬೇಕು. ಅಲ್ಲಿಗೆ ನಮ್ಮ ಪುಟ್ಟ ಎಂಜಿನ್ ತನ್ನ ಮಿತಿ ಮುಟ್ಟಿತು.

ಇದೇ ಲೆಕ್ಕ ತಿರುಗಿಬಿದ್ದರೆ ಅಪಾಯ. ಅಷ್ಟು ಸುಲಭವಾಗಿ ಉರುಳುವ ಗಾಡಿ ಇಳಿಜಾರು ಸಿಕ್ಕರೆ ತಾನಾಗಿಯೇ ಹೊರಟುಬಿಡುತ್ತದೆ. ಹಾಗಾಗಿ ಭಾರತೀಯ ರೈಲ್ವೆಯ ನಿಯಮದ ಪ್ರಕಾರ ಸ್ಟೇಷನ್ ಯಾರ್ಡ್‌ನಲ್ಲಿ 400 ಮೀಟರಿಗೆ ಒಂದು ಮೀಟರ್‌ಗಿಂತ ಹೆಚ್ಚು ಇಳಿಜಾರು ಇರಬಾರದು. 1,200 ಮೀಟರಿಗೆ ಒಂದು ಮೀಟರ್ ಇದ್ದರೆ ಒಳ್ಳೆಯದು. ಕಣ್ಣಿಗೆ ಇದು ಇಳಿಜಾರು ಎಂದೇ ಕಾಣುವುದಿಲ್ಲ.

ಇಡೀ ದಿನ ಎಂಜಿನ್ ಗುರುಗುಟ್ಟುವುದೇಕೆ?

ಈಗ ಮೊದಲ ಫಾರ್ವರ್ಡ್‌ಗೆ ಬರೋಣ. ಶಂಟಿಂಗ್ ಎಂಜಿನ್ ಐದು ನಿಮಿಷ ಕೆಲಸ ಮಾಡಿ ಅರ್ಧ ಗಂಟೆ ನಿಲ್ಲುತ್ತದೆ, ಮತ್ತೆ ಹತ್ತು ನಿಮಿಷ ಕೆಲಸ. ನಿಂತಾಗಲೂ ಎಂಜಿನ್ ಓಡುತ್ತಲೇ ಇರುವುದು ನಿಜ. ಕಾರಣವಾಗಿ ಹೇಳುವ ಮಾತು ಮಾತ್ರ ಸುಳ್ಳು.

ಕ್ಲಾಸ್ 08 ಸ್ಟಾರ್ಟ್ ಆಗುವುದು ಬ್ಯಾಟರಿಯಿಂದ. ಬ್ಯಾಟರಿಯ ಕರೆಂಟು ಜನರೇಟರನ್ನೇ ಮೋಟಾರಿನಂತೆ ತಿರುಗಿಸುತ್ತದೆ, ಅದು ಡೀಸೆಲ್ ಎಂಜಿನ್ನನ್ನು ತಿರುಗಿಸಿ ಎಬ್ಬಿಸುತ್ತದೆ. ಕೆಲವು ಸೆಕೆಂಡುಗಳ ಕೆಲಸ. ಇದರಲ್ಲಿ ಹತ್ತಾರು ಲೀಟರ್ ಡೀಸೆಲ್ ಎಲ್ಲಿಗೆ ಹೋಗಬೇಕು? ಲೆಕ್ಕವನ್ನೇ ನೋಡಿ. ಭಾರತೀಯ ರೈಲ್ವೆ ಕೊಟ್ಟಿರುವ ಅಂಕಿಯ ಪ್ರಕಾರ ಮೇನ್ ಲೈನಿನ ದೊಡ್ಡ ಡೀಸೆಲ್ ಎಂಜಿನ್ ಸುಮ್ಮನೆ ನಿಂತು ಓಡಿದರೆ ಗಂಟೆಗೆ ಸುಮಾರು 25 ಲೀಟರ್ ಖರ್ಚು. ಅಂದರೆ ನಿಮಿಷಕ್ಕೆ ಅರ್ಧ ಲೀಟರಿಗೂ ಕಡಿಮೆ. ಸ್ಟಾರ್ಟ್ ಆಗುವ ಮೊದಲ ನಿಮಿಷದಲ್ಲಿ ಅದರ ಮೂರು ಪಟ್ಟು ಕುಡಿಯಿತು ಎಂದುಕೊಂಡರೂ ಒಂದೂಕಾಲು ಲೀಟರ್. ಮೂರು ನಿಮಿಷ ಆಫ್ ಮಾಡಿದರೆ ಅದು ವಾಪಸ್ ಬರುತ್ತದೆ. ಇಡೀ ರಾತ್ರಿ ಓಡಿಸಿಟ್ಟು ಡೀಸೆಲ್ ಉಳಿಸಿದೆವು ಎನ್ನುವ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ನಿಜವಾದ ಕಾರಣ ಬ್ರೇಕ್. ರೈಲಿನ ಬ್ರೇಕಿಗೆ ಒತ್ತಡದ ಗಾಳಿ ಬೇಕು, ಗಾಳಿ ತುಂಬುವ ಕಂಪ್ರೆಸರ್ ನಡೆಯಲು ಎಂಜಿನ್ ಓಡುತ್ತಿರಬೇಕು. ಎಂಜಿನ್ ನಿಂತರೆ ಪೈಪು, ಸಿಲಿಂಡರಿನ ಗಾಳಿ ನಿಧಾನವಾಗಿ ಸೋರುತ್ತದೆ. ಗಂಟೆಗಳು ಕಳೆದಂತೆ ಹಿಡಿದಿದ್ದ ಬ್ರೇಕ್ ಸಡಿಲವಾಗುತ್ತದೆ. ಹೀಗಾಗಿ ಎಂಜಿನ್ ಆಫ್ ಮಾಡಿ ಹೋಗುವಾಗ ಕೈಯಿಂದ ತಿರುಗಿಸುವ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಇಡಲೇಬೇಕು. 2024ರ ಫೆಬ್ರುವರಿ 25ರಂದು ಜಮ್ಮುವಿನ ಕಠುವಾ ಸ್ಟೇಷನ್ನಿನಿಂದ 53 ವ್ಯಾಗನ್‌ಗಳ ಗೂಡ್ಸ್ ಗಾಡಿಯೊಂದು ಡ್ರೈವರ್ ಇಲ್ಲದೆ ಹೊರಟು, 70 ಕಿ.ಮೀ.ಗೂ ಹೆಚ್ಚು ದೂರ ಓಡಿ ಪಂಜಾಬಿನಲ್ಲಿ ನಿಂತಿತು. ಸ್ಟೇಷನ್ ದಾಟಿ ಹಾರಿಹೋಗುವ ಆ ಗಾಡಿಯ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಅದು ಶಂಟಿಂಗ್ ಎಂಜಿನ್ ಅಲ್ಲ, ಆದರೆ ಪಾಠ ಅದೇ: ಡ್ರೈವರ್ ಎಂಜಿನ್ ಆಫ್ ಮಾಡಿ ಇಳಿದಿದ್ದರು, ಹ್ಯಾಂಡ್‌ಬ್ರೇಕ್ ಸರಿಯಾಗಿ ಹಾಕಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ ಎಂಬುದು ಆ ದಿನದ ಅದೃಷ್ಟ.

ಬ್ರೇಕ್ ಅಲ್ಲದೆ ಇತರ ಕಾರಣಗಳೂ ಇವೆ. ಹಳೆಯ ಬ್ಯಾಟರಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಸೊರಗುತ್ತದೆ. ಯಾರ್ಡಿನ ನಡುವೆ ಎಂಜಿನ್ ಸ್ಟಾರ್ಟ್ ಆಗದೆ ನಿಂತರೆ ಹಿಂದಿನದೆಲ್ಲಾ ನಿಲ್ಲುತ್ತದೆ. ಚಳಿ ದೇಶಗಳಲ್ಲಿ ತಂಪು ಮಾಡುವ ನೀರು ಹೆಪ್ಪುಗಟ್ಟಿ ಎಂಜಿನ್ ಒಡೆಯಬಹುದು, ನಮ್ಮ ಬಯಲುಸೀಮೆಗೆ ಈ ಚಿಂತೆ ಇಲ್ಲ.

ಹಾಗೆಂದು ದಿನವಿಡೀ ಓಡಿಸಿಡುವುದು ಸರಿ ಎಂದು ನಾವು ಹೇಳುತ್ತಿಲ್ಲ. ರೈಲ್ವೆಯೇ ಅದನ್ನು ಸರಿಯೆಂದು ಭಾವಿಸಿಲ್ಲ. ದೊಡ್ಡ ಎಂಜಿನ್ ನಿಲ್ಲಿಸಿ, ಬ್ರೇಕಿನ ಗಾಳಿ ಮತ್ತು ಬ್ಯಾಟರಿ ಚಾರ್ಜನ್ನು ಮಾತ್ರ ನೋಡಿಕೊಳ್ಳುವ ಪುಟ್ಟ ಹೆಚ್ಚುವರಿ ಎಂಜಿನ್ನನ್ನು ಕೆಲವು ಡೀಸೆಲ್ ಎಂಜಿನ್‌ಗಳಿಗೆ ಜೋಡಿಸಲಾಗಿದೆ. ಅದಕ್ಕೆ ಗಂಟೆಗೆ 25ರ ಬದಲು ಸುಮಾರು 3 ಲೀಟರ್ ಸಾಕು. ಡೀಸೆಲ್ ಹೊಗೆಯ ವಿಷಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಪ್ಲಾಟ್‌ಫಾರ್ಮಿನಲ್ಲಿ ಹತ್ತು ನಿಮಿಷ ನಿಂತವರು ಹೆದರಬೇಕಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ವರ್ಷಗಟ್ಟಲೆ ಆ ಹೊಗೆ ಕುಡಿಯುವ ನೌಕರರ ಪಾಲಿಗೆ ಇದು ದೊಡ್ಡ ವಿಷಯ.

ಎರಡು ಬಫರ್‌ಗಳ ನಡುವೆ

ಶಂಟಿಂಗ್ ಎಂಜಿನ್ನಿನ ಬದುಕಿನ ಬಗ್ಗೆ ಬರೆಯುವಾಗ ಅದರ ಮುಂದೆ ನೆಲದ ಮೇಲೆ ಕೆಲಸ ಮಾಡುವವರನ್ನು ಬಿಡುವಂತಿಲ್ಲ. ಬೋಗಿ ಜೋಡಿಸುವ, ಬಿಡಿಸುವ ಕೆಲಸ ಅವರದು. ಡ್ರೈವರಿಗೆ ಎಂಜಿನ್ನಿನ ಉದ್ದ ಮೂತಿಯಾಚೆ ಹತ್ತಿರದ್ದು ಕಾಣುವುದಿಲ್ಲ. ಅವರು ನಂಬುವುದು ಕೆಳಗಿರುವವರ ಕೈಸನ್ನೆ, ದೀಪ ಅಥವಾ ವಾಕಿಟಾಕಿಯನ್ನು. ಹಳೆಯ ಬ್ರಿಟಿಷ್ ಯಾರ್ಡ್‌ಗಳಲ್ಲಿ ವ್ಯಾಗನ್‌ಗಳ ನಡುವೆ ನುಗ್ಗದೆ ಹೊರಗೆ ನಿಂತೇ ಸರಪಳಿ ಕೊಂಡಿ ಹಾಕಲು ತುದಿಯಲ್ಲಿ ಕೊಕ್ಕೆಯಿರುವ ಉದ್ದ ಕೋಲು ಬಳಸುತ್ತಿದ್ದರು. ತಿರುಗಿಸಿ ಬಿಗಿ ಮಾಡುವ ಸ್ಕ್ರೂ ಕೊಂಡಿಗೆ ಕೋಲು ಸಾಲದು, ನಡುವೆ ಇಳಿಯಲೇಬೇಕು.

2024ರ ನವೆಂಬರ್ 9ರಂದು ಬಿಹಾರದ ಬರೌನಿ ಜಂಕ್ಷನ್ನಿನಲ್ಲಿ ಈ ಕೆಲಸ ಮಾಡುತ್ತಿದ್ದ ರೈಲ್ವೆ ನೌಕರರೊಬ್ಬರು ಎಂಜಿನ್ ಮತ್ತು ಬೋಗಿಯ ನಡುವೆ ಸಿಲುಕಿ ಪ್ರಾಣ ಬಿಟ್ಟರು. ಅವರ ಕೊನೆಯ ಕ್ಷಣದ ಚಿತ್ರ ದೇಶದ ತುಂಬಾ ಫೋನುಗಳಲ್ಲಿ ಹರಿದಾಡಿತು. ಆ ಚಿತ್ರ ನಿಮ್ಮಲ್ಲಿದ್ದರೆ ದಯವಿಟ್ಟು ಅಳಿಸಿ, ಅವರಿಗೂ ಮನೆಯವರಿದ್ದಾರೆ. ಹೊಸ ಎಲ್‌ಎಚ್‌ಬಿ ಬೋಗಿಗಳಲ್ಲಿ ತಾನಾಗಿಯೇ ಕಚ್ಚಿಕೊಳ್ಳುವ ಕೊಂಡಿ ಇದೆ. ಆದರೆ ಬ್ರೇಕಿನ ಗಾಳಿ ಪೈಪನ್ನು ಇಂದಿಗೂ ಕೈಯಿಂದಲೇ ಸೇರಿಸಬೇಕು.

ನಮ್ಮ ದೇಶದ ಶಂಟಿಂಗ್ ಎಂಜಿನ್‌ಗಳು

ಎಂಜಿನ್ನಿನ ಮೇಲೆ ಡಬ್ಲ್ಯು, ಡಿ, ಎಸ್ ಎಂಬ ಅಕ್ಷರ ಕಂಡರೆ ಅದು ನಮ್ಮ ಶಂಟಿಂಗ್ ಎಂಜಿನ್. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಎಸ್ ಎಂದರೆ ಶಂಟಿಂಗ್. ಎಸ್ ಜಾಗದಲ್ಲಿ ಜಿ ಇದ್ದರೆ ಗೂಡ್ಸ್, ಪಿ ಇದ್ದರೆ ಪ್ಯಾಸೆಂಜರ್, ಎಂ ಇದ್ದರೆ ಎರಡಕ್ಕೂ.

1960ರ ದಶಕದ ಕೊನೆಯಿಂದ ಚಿತ್ತರಂಜನ್ ಕಾರ್ಖಾನೆಯಲ್ಲಿ ತಯಾರಾದ ಡಬ್ಲ್ಯುಡಿಎಸ್-4 ನೋಡಲು ಕ್ಲಾಸ್ 08ರ ದಾಯಾದಿಯಂತಿದೆ. ಆರು ಚಕ್ರ, ಪಕ್ಕದಲ್ಲಿ ಸರಳು, 60 ಟನ್ ತೂಕ, 600ರಿಂದ 700 ಹಾರ್ಸ್‌ಪವರ್. ಒಳಗಿನ ವ್ಯವಸ್ಥೆ ಬೇರೆ: ಇದರಲ್ಲಿ ಜನರೇಟರ್, ಮೋಟಾರು ಇಲ್ಲ, ಎಣ್ಣೆಯ ಮೂಲಕ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಆಮೇಲೆ ವಾರಾಣಸಿಯ ಕಾರ್ಖಾನೆಯಿಂದ ಬಂದ ಡಬ್ಲ್ಯುಡಿಎಸ್-6 ಅದಕ್ಕಿಂತ ಬಹಳ ದೊಡ್ಡದು. 126 ಟನ್ ತೂಕ, 12 ಚಕ್ರ, ಆರು ಸಿಲಿಂಡರಿನ 1,350-1,400 ಹಾರ್ಸ್‌ಪವರ್ ಎಂಜಿನ್. ಎಕ್ಸ್‌ಪ್ರೆಸ್ ಎಳೆಯುತ್ತಿದ್ದ 2,600 ಹಾರ್ಸ್‌ಪವರ್‌ನ ಡಬ್ಲ್ಯುಡಿಎಂ-2ರ ತೂಕ ಸುಮಾರು 113 ಟನ್. ಹಾರ್ಸ್‌ಪವರ್ ಅರ್ಧ, ತೂಕ ಹೆಚ್ಚು! ಮೇಲಿನ ಲೆಕ್ಕ ಓದಿದವರಿಗೆ ಇದು ಈಗ ವಿಚಿತ್ರ ಅನ್ನಿಸದು.

ಕರೆಂಟ್ ತಂತಿ ಬಂದ ಮೇಲೂ

ಕ್ಲಾಸ್ 08ರ ಸಂಖ್ಯೆ ಕುಗ್ಗಿದ್ದು ಎಂಜಿನ್ ಕೆಟ್ಟದ್ದರಿಂದಲ್ಲ, ಕೆಲಸ ಕಡಿಮೆಯಾದದ್ದರಿಂದ. 1963ರ ಬೀಚಿಂಗ್ ವರದಿಯ ನಂತರ ಬ್ರಿಟನ್ನಿನಲ್ಲಿ ಸಾವಿರಾರು ಸ್ಟೇಷನ್ನುಗಳು ಮುಚ್ಚಿದವು. ಬಿಡಿ ವ್ಯಾಗನ್ ಸಾಗಣೆ ಲಾರಿಗೆ ಹೋಯಿತು, ಉಳಿದದ್ದು ಕಂಟೇನರ್ ಗಾಡಿಗಳಾಯಿತು. ಎರಡೂ ತುದಿಯಲ್ಲಿ ಡ್ರೈವರ್ ಕೋಣೆ ಇರುವ ರೈಲುಗಳು ಬಂದವು. 2022ರ ನವೆಂಬರಿನಿಂದ ಮೈಸೂರು-ಚೆನ್ನೈ ನಡುವೆ ಓಡುತ್ತಿರುವ ವಂದೇ ಭಾರತ್ ಕೂಡ ಅಂಥದ್ದೇ. ಕೊನೆಯ ಸ್ಟೇಷನ್ನಿನಲ್ಲಿ ಎಂಜಿನ್ ಬಿಡಿಸಿ ಇನ್ನೊಂದು ತುದಿಗೆ ತರುವ ಕೆಲಸವೇ ಅದಕ್ಕಿಲ್ಲ.

ಆದರೂ ಡಿಪೋ, ಬಂದರು, ಕಾರ್ಖಾನೆಗಳಲ್ಲಿ ಹತ್ತಾರು ಕ್ಲಾಸ್ 08ಗಳು ಇನ್ನೂ ದುಡಿಯುತ್ತಿವೆ. ಇಷ್ಟು ಆಯುಸ್ಸಿಗೆ ಒಂದು ಕಾರಣ ಅವುಗಳ ನಿಧಾನ: ಎಂಜಿನ್ ಪೂರ್ತಿ ಜೋರಿನಲ್ಲೂ ನಿಮಿಷಕ್ಕೆ 680 ಸುತ್ತು ಮಾತ್ರ. ನಿಮ್ಮ ಕಾರು ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಾಗಲೇ ಸುಮಾರು ಅಷ್ಟು ಸುತ್ತುತ್ತದೆ. ಇನ್ನೊಂದು ಕಾರಣ 996 ಒಡಹುಟ್ಟುಗಳು. ಒಂದು ಕೆಟ್ಟರೆ ಅದರ ಭಾಗ ಇನ್ನೊಂದಕ್ಕೆ ಹೊಂದುತ್ತದೆ. ಮೇನ್ ಲೈನಿನಲ್ಲಿ ಓಡಿಸಿದರೆ ಹಿಂದಿನ ರೈಲುಗಳೆಲ್ಲ ಕಾಯಬೇಕಾಗುವುದರಿಂದ ಇವನ್ನು ಊರಿಂದೂರಿಗೆ ಹೆಚ್ಚಾಗಿ ಲಾರಿಯ ಮೇಲೆ ಹೇರಿಕೊಂಡು ಹೋಗುತ್ತಾರೆ. ರೈಲು ಎಂಜಿನ್ ಲಾರಿ ಏರಿ ಹೊರಟ ಚಿತ್ರ ಕಂಡರೆ ಅದು ಎಡಿಟ್ ಮಾಡಿದ್ದೆಂದು ತಕ್ಷಣ ತೀರ್ಮಾನಿಸಬೇಡಿ.

ನಮ್ಮಲ್ಲಿ ಹೆಚ್ಚಿನ ಮಾರ್ಗಗಳಿಗೆ ಕರೆಂಟ್ ತಂತಿ ಬಂದಿದೆ. ಆದರೆ ಕ್ರೇನಿನಿಂದ ಸರಕು ತುಂಬುವ, ಟ್ಯಾಂಕರಿನ ಮೇಲೆ ಹತ್ತಿ ಪೆಟ್ರೋಲ್ ತುಂಬುವ ಲೈನುಗಳ ಮೇಲೆ 25,000 ವೋಲ್ಟ್ ತಂತಿ ಎಳೆಯುವಂತಿಲ್ಲ. ಮುಟ್ಟುವುದಿರಲಿ, ಅದರ ಸಮೀಪ ಹೋದರೂ ಸಾವು. ನಿಂತ ವ್ಯಾಗನ್ ಏರಿ ಸೆಲ್ಫಿ ತೆಗೆಯಲು ಹೋದವರು ಸಾಯುವುದು ಹೀಗೆಯೇ. ತಂತಿ ಇಲ್ಲದ ಈ ಮೂಲೆಗಳಿಗಾಗಿ ಈಗ ಬ್ಯಾಟರಿ ಎಂಜಿನ್ ಪ್ರಯತ್ನಗಳು ನಡೆದಿವೆ. 2020ರಲ್ಲಿ ಪಶ್ಚಿಮ ಮಧ್ಯ ರೈಲ್ವೆಯ ಜಬಲ್‌ಪುರ ವಿಭಾಗ ತಂತಿ ಮತ್ತು ಬ್ಯಾಟರಿ ಎರಡರಿಂದಲೂ ಓಡುವ 'ನವದೂತ್' ಎಂಬ ಶಂಟಿಂಗ್ ಎಂಜಿನ್ ತಯಾರಿಸಿತು. ಬ್ರಿಟನ್ನಿನಲ್ಲಿ ಒಂದು ಕ್ಲಾಸ್ 08ರ ಡೀಸೆಲ್ ಎಂಜಿನ್ ತೆಗೆದು ಹೈಡ್ರೋಜನ್ ವ್ಯವಸ್ಥೆ ಕೂರಿಸುವ ಕೆಲಸ ನಡೆದಿದೆ. ಕಾರಿಗೆ ಬ್ಯಾಟರಿಯ ತೂಕ ದೊಡ್ಡ ತಲೆನೋವು. ಶಂಟಿಂಗ್ ಎಂಜಿನ್ನಿಗೆ ಆ ಚಿಂತೆ ಇಲ್ಲ, ಚಕ್ರ ಹಳಿಯನ್ನು ಕಚ್ಚಿ ಹಿಡಿಯಲು ಅದಕ್ಕೆ ತೂಕ ಹೇಗೂ ಬೇಕು.